ಬಟ್ಟೆ ವ್ಯಾಪಾರಿಯ ವೈಪರ್

"ಗುರುಗಳೇ, ದೇವರು ಎಲ್ಲವನ್ನೂ ಮಾಡಬಲ್ಲವನು. ಹಾಗಿದ್ದೂ ಹಸಿದವರಿಗೆ ಅನ್ನ ಬಡಿಸುವ ಕೆಲಸವನ್ನು ನಮ್ಮ ಕೈಗೇಕೆ ಬಿಟ್ಟ? ಅವನೇ ಮಾಡಿ ಮುಗಿಸಬಾರದೆ?"

ಹೀಗೆ ಕೇಳಿದ ಶಿಷ್ಯ ಬೆಳಗಿನಿಂದ ಮಠದ ಪಂಕ್ತಿಯಲ್ಲಿ ಬಡಿಸಿ ಬಡಿಸಿ ಸೋತಿದ್ದ. ಮಣಿಕಟ್ಟು ನೀವಿಕೊಳ್ಳುತ್ತಿದ್ದ. ಗುರುಗಳು ನಕ್ಕರು. "ಕೈ ನೋಯುವಾಗಲೇ ಈ ಪ್ರಶ್ನೆ ಹುಟ್ಟುವುದು. ಕೂತುಕೋ," ಎಂದು ಕತೆ ಹೇಳಿದರು.

ಒಬ್ಬ ಬಟ್ಟೆ ವ್ಯಾಪಾರಿ. ಅವನದೊಂದು ಹಳೇ ಕಾರು, ತಾತನ ಕಾಲದ್ದು. ಅದರಲ್ಲಿ ಬಟ್ಟೆಗಂಟು ಹೇರಿಕೊಂಡು ಗಂಡ ಹೆಂಡತಿ ಸಂತೆಯಿಂದ ಸಂತೆಗೆ ಹೋಗುತ್ತಿದ್ದರು. ಆ ಕಾರಿನ ವೈಪರ್ ತಾನಾಗಿ ಆಡುವಂಥದ್ದಲ್ಲ. ಗಾಜಿನ ಒಳಬದಿಗೆ ಒಂದು ಹಿಡಿ ಇತ್ತು. ಮಳೆ ಬಂತೆಂದರೆ ಹೆಂಡತಿ ಪಕ್ಕದಲ್ಲಿ ಕೂತು ಅದನ್ನು ಅತ್ತಿತ್ತ ಆಡಿಸಬೇಕು, ಗಂಡ ಕಾರು ಓಡಿಸಬೇಕು. ಅವಳೋ ಸುಮ್ಮನೆ ಕೂರುವವಳಲ್ಲ. "ತಿರುವು ಬಂತು ನೋಡಿ," "ಎಮ್ಮೆ ಅಡ್ಡ ಬಂತು," ಎಂದು ದಾರಿಯುದ್ದಕ್ಕೂ ಗದರುತ್ತಿದ್ದಳು. ನಡುನಡುವೆ ಊರಿನ ಸುದ್ದಿಯನ್ನೆಲ್ಲ ಹೇಳುತ್ತಿದ್ದಳು.

ಒಂದು ಮಳೆಗಾಲ ಅವಳ ಮಣಿಕಟ್ಟು ಊದಿಕೊಂಡಿತು. ವ್ಯಾಪಾರಿಯ ಕರುಳು ಚುರುಕ್ಕೆಂದಿತು. ಮೆಕ್ಯಾನಿಕ್ ಬಳಿ ಹೋಗಿ ವೈಪರ್‌ಗೆ ಮೋಟಾರು ಕೂರಿಸಿದ. ಹಳೆಯ ಹಿಡಿಯನ್ನು ಮೆಕ್ಯಾನಿಕ್ ಹಾಗೇ ಬಿಟ್ಟ. ಮೋಟಾರು ಕೈಕೊಟ್ಟರೆ ಇರಲಿ ಎಂದ.

ಮುಂದಿನ ಮಳೆಯಲ್ಲಿ ವೈಪರ್ ತಾನೇ ಆಡಿತು. ಹೆಂಡತಿ ಕೈಕಟ್ಟಿ ಕೂತಳು, ಸ್ವಲ್ಪ ಹೊತ್ತಿಗೆ ತೂಕಡಿಸಿದಳು. ಅದರ ಮುಂದಿನ ಸಂತೆಗೆ ಹೊರಟಾಗ ಹಿಂದಿನ ಸೀಟಿಗೆ ಹೋದಳು. "ಮುಂದೆ ನನಗೇನು ಕೆಲಸ? ಇಲ್ಲಿ ಗಂಟುಗಳನ್ನಾದರೂ ಹಿಡಿದುಕೊಂಡಿರುತ್ತೇನೆ," ಎಂದಳು.

ರಸ್ತೆ ಅವನಿಗೆ ಇಷ್ಟು ಚೆನ್ನಾಗಿ ಎಂದೂ ಕಂಡಿರಲಿಲ್ಲ, ದಾರಿ ಇಷ್ಟು ಉದ್ದವೂ ಎಂದೂ ಅನ್ನಿಸಿರಲಿಲ್ಲ. ಎಮ್ಮೆ ಅಡ್ಡ ಬಂದರೆ ಗದರುವವರಿಲ್ಲ. ಆ ಗದರಿಕೆಗಾಗಿ ಅವನ ಜೀವ ಹಂಬಲಿಸಿತು. ಬೆನ್ನ ಹಿಂದೆಯೇ ಇರುವ ಹೆಂಡತಿಗಾಗಿ ಕೊರಗುವುದನ್ನು ಯಾರ ಬಳಿ ಹೇಳಿಕೊಳ್ಳುವುದು? ಕರೆದರೆ ಬಂದಾಳು. ಆದರೆ ಬಂದು ಮತ್ತೆ ತೂಕಡಿಸಿಯಾಳು.

ಅವಳ ಕೈಯ ಊತ ಪೂರ್ತಿ ಇಳಿದ ಮೇಲೆ, ಮೋಡ ಕವಿದ ಒಂದು ದಿನ, ಹೊರಡುವ ಮುಂಚೆ ಅವನು ಮೋಟಾರಿನ ತಂತಿ ಕಿತ್ತು ಜೇಬಿಗೆ ಹಾಕಿಕೊಂಡ. ದಾರಿಯಲ್ಲಿ ಮಳೆ ಹಿಡಿಯಿತು. ಕಾರು ನಿಲ್ಲಿಸಿದ.

"ಮೋಟಾರು ಕೆಟ್ಟಿತು ಕಣೇ. ಮುಂದೆ ಏನೂ ಕಾಣುತ್ತಿಲ್ಲ."

"ನಿಮ್ಮ ಮೋಟಾರನ್ನು ನೆಚ್ಚಿಕೊಂಡರೆ ಸಂತೆ ಮುಗಿದ ಹಾಗೇ," ಎನ್ನುತ್ತ ಹೆಂಡತಿ ಮುಂದೆ ಬಂದು ಕೂತಳು. ಅವನ ಜೇಬಿನಿಂದ ತಂತಿಯ ತುದಿ ಇಣುಕುತ್ತಿತ್ತು. ಅವಳು ಅದನ್ನು ನೋಡಿದಳು. ಒಂದು ಬೆರಳಿನಿಂದ ಅದನ್ನು ಜೇಬಿನೊಳಕ್ಕೆ ತಳ್ಳಿ, ಹಿಡಿಗೆ ಕೈ ಹಾಕಿದಳು. ಕಾರು ಹೊರಟಿತು. "ತಿರುವು ಬಂತು ನೋಡಿ," ಎಂದಳು.

ಕತೆ ಮುಗಿಸಿದ ಗುರುಗಳು ಶಿಷ್ಯನ ಮಣಿಕಟ್ಟನ್ನು ಮುಟ್ಟಿ ನೋಡಿದರು.

"ದೇವರ ಜೇಬಿನಲ್ಲೂ ಅಂಥದೊಂದು ತಂತಿ ಇದೆ, ಮಗು."

ಶಿಷ್ಯ ಎದ್ದು ಮತ್ತೆ ಬಡಿಸುವ ಸೌಟನ್ನು ಕೈಗೆತ್ತಿಕೊಂಡ.