ಇಲಿಯಮ್ಮನ ಹಿಂದೆಣಿಕೆ

ಪುಟ್ಟ ಇಲಿಯ ಬೆನ್ನೇರಿ ಲೋಕ ಸುತ್ತುವ ಗಣಪನಿಗೆ ಕೈಮುಗಿದು ಈ ಕಥೆ ಹೇಳುತ್ತೇನೆ.

ಗದ್ದೆಯ ಬದುವಿನ ಬಿಲದಲ್ಲಿ ಇಲಿಯಮ್ಮ ತನ್ನ ಐದು ಮರಿಗಳಿಗೆ ಎಣಿಕೆ ಕಲಿಸುತ್ತಿದ್ದಳು. ಹೊರಡುವಾಗ ಒಂದೊಂದು ಮರಿಯೂ ತನ್ನ ಅಂಕಿ ಕೂಗಬೇಕು, ಒಂದರಿಂದ ಐದು. ಬಿಲ ಕಿರಿದಾದ್ದರಿಂದ ಕೊನೆಗೆ ಹೊರಟದ್ದೇ ಮೊದಲು ಒಳಬರಬೇಕು. ಹಾಗಾಗಿ ಮರಳುವಾಗ ಐದರಿಂದ ಒಂದು.

ನೆರೆಯ ಹೆಗ್ಗಣ ನಕ್ಕಿತು. "ಏನಕ್ಕಾ, ಮಕ್ಕಳಿಗೆ ಉಲ್ಟಾ ಪಾಠ? ಮುಂದಕ್ಕೆ ಎಣಿಸಿದರೆ ಸಾಲದೇ?"

"ಹೋಗುವುದಕ್ಕೆ ಅದು ಸಾಕಪ್ಪಾ, ಮನೆಗೆ ಬರುವುದಕ್ಕೆ ಇದು ಬೇಕು."

ಒಂದು ಸಂಜೆ ಮರಿಗಳು ಹೊರಗಿದ್ದಾಗ ಗಿಡುಗ ಎರಗಿ ಬಂತು. ಮರಿಗಳು ತಿರುಗಿ ಓಡಿದವು. "ಐದು! ನಾಲ್ಕು! ಮೂರು!" ಆಮೇಲೆ ಸದ್ದಿಲ್ಲ. ಒಂದನೆಯ ಮರಿ ಬಾಗಿಲಲ್ಲೇ ನಿಂತುಬಿಟ್ಟಿತ್ತು.

"ಒಳಗೆ ಬಾರೋ!"

"ಎರಡು ಅಂತ ಕೇಳಲೇ ಇಲ್ಲವಲ್ಲಮ್ಮಾ, ನಾನು ಒಂದು ಅಂತ ಹೇಗೆ ಹೇಳಲಿ?"

ಇಲಿಯಮ್ಮ ಹೊರಗೆ ಹಾರಿದಳು. ಹುಲ್ಲಿನಲ್ಲಿ ಕಾಲು ಸಿಕ್ಕಿಕೊಂಡಿದ್ದ ಎರಡನೆಯ ಮರಿಯನ್ನು ಇಬ್ಬರೂ ಸೇರಿ ಎಳೆತಂದರು. "ಎರಡು!" "ಒಂದು!" ಗಿಡುಗದ ಉಗುರಿಗೆ ಸಿಕ್ಕಿದ್ದು ಬರೀ ಮಣ್ಣು. ಒಳಗೆ ಮರಿಗಳೆಲ್ಲ ಬಿಲ ನಡುಗುವಂತೆ ಐದರಿಂದ ಒಂದರವರೆಗೆ ಮತ್ತೆ ಮತ್ತೆ ಕೂಗಿದವು.

ಕಥೆ ಕೇಳಿದ ನಿಮ್ಮೆಲ್ಲರ ಮಕ್ಕಳೂ ದೀಪ ಹಚ್ಚುವ ಹೊತ್ತಿಗೆ ಮನೆ ಸೇರಲಿ. ದೇವರ ಎಣಿಕೆಯಿಂದ ಯಾರೂ ಬಿಟ್ಟುಹೋಗದಿರಲಿ.