ಸೋರೆಬುರುಡೆ ಬಿಚ್ಚಿದವನು

"ಅಮ್ಮಾ, ಕಲಿಯೋಕೆ ಬಂದೋರು ಕಲಿತು ಹೊರಟೇ ಹೋದ್ರೆ ಕಲಿಸೋರ ಹೊಟ್ಟೆಪಾಡು ಏನು?"

ಕೇಳಿದವಳು ರುದ್ರಾಣಿ. ಕಂಪ್ಯೂಟರಿನ ಗಂಧಗಾಳಿ ಇಲ್ಲದೋರಿಗೆ ಫೋನಿನಲ್ಲೇ ಪ್ರೋಗ್ರಾಮಿಂಗ್ ಕಲಿಸೋ ಕಂಪನಿಯಲ್ಲಿ ಪಾಠ ಬರೆಯೋ ಕೆಲಸ ಅವಳದು. ತಮ್ಮ ಮಗಳನ್ನೂ ಅದೇ ಪಾಠಕ್ಕೆ ಹಾಕಿರೋ ಕಂಪನಿ ಯಜಮಾನರು, ಪ್ರತಿ ಅಭ್ಯಾಸದ ಪಕ್ಕ 'ಉತ್ತರ' ಅಂತ ಒಂದು ಬಟನ್ ಇಡು ಅಂದಿದ್ರು. ಒತ್ತಿದ್ರೆ ಪ್ರೋಗ್ರಾಂ ತಾನೇ ಬರ್ಕೊಳ್ಳುತ್ತೆ, ಒತ್ತೋದು ರೂಢಿಯಾದ್ರೆ ಯಾರೂ ನಮ್ಮನ್ನ ಬಿಟ್ಟು ಹೋಗಲ್ಲ ಅಂತ ಅವರ ಲೆಕ್ಕ. ಒಪ್ಪಿದ್ರೆ ಕಲಿಯೋರ ಕಣ್ಣಿಗೆ ಮಣ್ಣೆರಚಿದಂಗೆ, ಒಪ್ಪದಿದ್ರೆ ಕೆಲಸಕ್ಕೆ ಎಳ್ಳುನೀರು. ನಾಳೆ ಹೋಗಿ ಹೇಳ್ಬೇಕು. ಅದಕ್ಕೇ ಮುಖ ಹಾಗಲಕಾಯಿ ಮಾಡ್ಕೊಂಡು, ತನಗೆ ಲೆಕ್ಕ ಕಲಿಸಿದ ಚೆನ್ನಾಜಮ್ಮ ಟೀಚರ್ ಮನೆ ಜಗಲಿಗೆ ಬಂದು ಎಲ್ಲಾ ಒದರಿದ್ದಳು.

ಚೆನ್ನಾಜಮ್ಮ ಅವರೆಕಾಯಿ ಸುಲಿಯೋದು ಬಿಡದೆ ಶುರು ಮಾಡಿದ್ರು.

ಒಂದೂರಲ್ಲಿ ಒಬ್ಬ ಈಜು ಕಲಿಸೋನು ಇದ್ದ. ಹೊಸಬರ ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿ ಬಾವಿಗೆ ಇಳಿಸ್ತಿದ್ದ. ಕೈಕಾಲು ನೀರಿಗೆ ಹೊಂದ್ಕೊಂಡ ಮೇಲೆ ಬಿಚ್ಚಿಬಿಡ್ತಿದ್ದ. ಬುರುಡೆ ಮಾರೋ ವ್ಯಾಪಾರಿ ಬಂದು, "ಯಾಕಪ್ಪ ಬಿಚ್ತೀಯ? ಕಟ್ಟಿದ್ದು ಕಟ್ಟಿದಂಗೇ ಇರ್ಲಿ. ಹಳೇದು ಒಡೆದ್ರೆ ಹೊಸದು ತಗೋತಾರೆ. ಲಾಭದಲ್ಲಿ ನಿಂಗೂ ಪಾಲು" ಅಂದ. ಕಲಿಸೋನ ಮನೇಲಿ ಒಲೆಯೊಳಗೆ ಬೆಕ್ಕು ಮಲಗಿತ್ತು. ಹೂಂ ಅಂದ.

ಆಮೇಲೆ ನೋಡು, ಸೋರೆ ಚಪ್ಪರ ಕುಸಿದು ಬಿದ್ದಂಗೆ ಬಾವಿ ತುಂಬ ಬುರುಡೆಗಳೇ. ತೇಲೋರಿಗೆಲ್ಲ ತಾವು ಈಜ್ತಿದ್ದೀವಿ ಅನ್ನೋ ಜಂಭ. ಕಲಿಸೋನಿಗೆ ಮಾತ್ರ ಉಂಡಿದ್ದು ಮೈಗೆ ಹತ್ತಲಿಲ್ಲ.

ಒಂದಿನ ವ್ಯಾಪಾರಿ ತನ್ನ ಮಗಳನ್ನೇ ಕರ್ಕೊಂಡು ಬಂದ. ಕಿವೀಲಿ ಪಿಸುಗುಟ್ಟಿದ: "ಇವಳಿಗೆ ಮಾತ್ರ ಬುರುಡೆ ಬಿಚ್ಚಿ ಕಲಿಸಪ್ಪ. ದಿನಾ ಹೊಳೆ ದಾಟೋ ಮನೆಗೆ ಕೊಡ್ತಿದ್ದೀವಿ. ದಾರ ಹರಿದ್ರೆ ಗತಿ ಏನು?"

"ಮಿಕ್ಕೋರ ದಾರ ಏನು ಕಬ್ಬಿಣದ್ದಾ ಸ್ವಾಮಿ?"

ಅಷ್ಟಂದು ಕಲಿಸೋನು ಬಾವಿಗೆ ಧುಮುಕಿ, ಒಬ್ಬೊಬ್ಬರದೇ ಬುರುಡೆ ಬಿಚ್ಚಿ, ಕೈ ಹಿಡಿದು, ಆಮೇಲೆ ಕೈ ಬಿಟ್ಟ. ಬೈದ್ರು, ನೀರು ಕುಡಿದ್ರು, ಕೊನೆಗೆ ಈಜಿದ್ರು. ಅವತ್ತು ಅವನು ಕಣ್ತುಂಬ ನಿದ್ದೆ ಮಾಡಿದ. ಮುಂದೆ ಅವರೆಲ್ಲ ತಮ್ಮ ಮಕ್ಕಳನ್ನೂ ಅವನ ಹತ್ರಾನೇ ಕಳಿಸಿದ್ರು. ಹೊಸಬರಿಗೆ ಬುರುಡೆ ಬೇಕಲ್ಲ, ವ್ಯಾಪಾರಿ ಅಂಗಡೀನೂ ಮುಚ್ಚಲಿಲ್ಲ.

ರುದ್ರಾಣಿಗೆ ಎದೆ ಮೇಲಿಂದ ಬೀಸೋಕಲ್ಲು ಇಳಿಸಿದಂಗಾಯ್ತು. "ಆದ್ರೂ ಅಮ್ಮಾ, ನಮ್ಮ ಯಜಮಾನರಿಗೆ ಇದನ್ನ ಹೆಂಗೆ ಹೇಳ್ಲಿ? ಎದುರು ನಿಂತ್ರೆ ನಾಲಿಗೇನೇ ಹೊರಳಲ್ಲ."

ಚೆನ್ನಾಜಮ್ಮ ಮೊರದಿಂದ ತಲೆ ಎತ್ತಲಿಲ್ಲ.

"ಹೇಳ್ಬೇಡ ಕಣೇ, ಕೇಳು: ನಿಮ್ಮ ಮಗಳ ಫೋನಿಗೂ ಆ ಬಟನ್ ಇಡ್ಲಾ ಸಾರ್?"

ರುದ್ರಾಣಿ ಮೊರದಿಂದ ಒಂದು ಹಿಡಿ ಅವರೆಕಾಯಿ ಎತ್ಕೊಂಡು ಸುಲಿಯೋಕೆ ಕೂತಳು.