ಬಡಗಿಯ ಎಡಗಣ್ಣು

"ಗುರುಗಳೇ, ನನಗೆ ದೂರದ್ದೂ ಕಾಣುತ್ತದೆ, ಹತ್ತಿರದ್ದೂ ಕಾಣುತ್ತದೆ. ಕಣ್ಣಿನ ವೈದ್ಯರ ಮುಂದೆ ನಾನೇಕೆ ಹೋಗಿ ಕೂರಬೇಕು?" ಎಂದು ಶಿಷ್ಯ ಕೇಳಿದ.

ಅಂದು ಮಠದ ಅಂಗಳಕ್ಕೆ ಕಣ್ಣಿನ ವೈದ್ಯರು ಬಂದಿದ್ದರು. ವರ್ಷಕ್ಕೊಮ್ಮೆ ಬರುವುದು ಅವರ ವಾಡಿಕೆ. ಪಾಠಶಾಲೆಯ ಮಕ್ಕಳಿಂದ ಹಿಡಿದು ಕೋಲೂರಿಕೊಂಡು ಬಂದವರವರೆಗೆ ಎಲ್ಲರೂ ಸಾಲಿನಲ್ಲಿದ್ದರು. ತುಂಬು ಪ್ರಾಯದ ಈ ಶಿಷ್ಯನೊಬ್ಬ ಮಾತ್ರ ಕಂಬಕ್ಕೆ ಒರಗಿ ನಿಂತಿದ್ದ. ಗುರುಗಳು ಗದರಲಿಲ್ಲ. ಪಕ್ಕದಲ್ಲಿ ಕೂರಿಸಿಕೊಂಡು ಒಂದು ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಬಡಗಿ ಇದ್ದ. ಇನ್ನೂ ನಲವತ್ತು ತುಂಬಿರಲಿಲ್ಲ. ಹಲಗೆಯನ್ನು ಕೆನ್ನೆಗೆ ಆನಿಸಿ, ಎಡಗಣ್ಣು ಮುಚ್ಚಿ, ಬಲಗಣ್ಣಿನಿಂದ ಅದರ ಅಂಚಿನುದ್ದಕ್ಕೂ ನೋಡುವನು. ಎಲ್ಲಿ ಕೂದಲೆಳೆಯಷ್ಟು ಸೊಟ್ಟಗಿದ್ದರೂ ಅಲ್ಲೇ ಬೆರಳಿಡುವನು. ಆ ಕಣ್ಣಿನ ಮೇಲೆ ಅವನಿಗೆ ಬಹಳ ಹೆಮ್ಮೆಯಿತ್ತು.

ಕೆಲವು ವರ್ಷಗಳಿಂದ ಅವನ ಎಡಭುಜ ಬಾಗಿಲವಾಡಕ್ಕೆ ತಗುಲುತ್ತಿತ್ತು. ಈ ಬಾಗಿಲು ಮಾಡಿದವನಿಗೆ ಅಳತೆಯೇ ಗೊತ್ತಿಲ್ಲ ಎಂದು ಬೈಯುವನು. ಸುತ್ತಿಗೆ ಹೆಬ್ಬೆರಳಿನ ಮೇಲೆ ಬಿದ್ದರೆ ಸುತ್ತಿಗೆಯ ಹಿಡಿಯನ್ನು ಬೈಯುವನು. ಒಮ್ಮೆ ಕಣ್ಣು ತೋರಿಸಿಕೊಂಡು ಬಾ ಎಂದು ಹೆಂಡತಿ ಹೇಳಿದಾಗ ಅವಳಿಗೂ ಒಂದಿಷ್ಟು ಬೈಗುಳ ಸಿಕ್ಕಿತು. ಅದೆಲ್ಲ ವಯಸ್ಸಾದವರ ಕೆಲಸ ಎಂದುಬಿಟ್ಟ.

ಒಂದು ದಿನ ಮರ ಕೆತ್ತುವಾಗ ಚಕ್ಕೆ ಸಿಡಿದು ಬಲಗಣ್ಣಿಗೆ ಬಡಿಯಿತು. ಊರ ವೈದ್ಯರು ಬಂದು ಔಷಧಿ ಹಾಕಿ, ಕಣ್ಣಿಗೆ ಬಟ್ಟೆ ಕಟ್ಟಿ ಮಲಗಿಸಿದರು. ನೋವು ತಗ್ಗಿ ಅವನಿಗೆ ನಿದ್ದೆ ಬಂತು. ಎಚ್ಚರಾದಾಗ ಹೆಂಡತಿ ಗಂಜಿ ಹಿಡಿದು ಬಂದಳು. ಅವನು ರೇಗಿದ.

"ಪೆಟ್ಟಾಗಿರೋದು ಒಂದು ಕಣ್ಣಿಗೆ. ಎರಡಕ್ಕೂ ಯಾಕೆ ಬಟ್ಟೆ ಕಟ್ಟಿಸಿದೆ?"

"ಒಂದಕ್ಕೇ ಕಟ್ಟಿರೋದು. ಎಡಗಣ್ಣು ಬಿಟ್ಟುಕೊಂಡೇ ಇದ್ದೀಯಲ್ಲ!"

ಬಡಗಿ ಕೈಯೆತ್ತಿ ಎಡಗಣ್ಣನ್ನು ಮುಟ್ಟಿ ನೋಡಿಕೊಂಡ. ರೆಪ್ಪೆ ತೆರೆದಿತ್ತು. ಬಟ್ಟೆ ಇರಲಿಲ್ಲ. ಆದರೂ ಎದುರಿಗೆ ಬರೀ ಕತ್ತಲೆ. ಹೆಂಡತಿ ಗಂಜಿಯನ್ನು ಕೆಳಗಿಟ್ಟು ಅತ್ತಳು.

ಮರುದಿನ ಅವಳೇ ಕೈಹಿಡಿದು ಪಟ್ಟಣದ ಕಣ್ಣಿನ ವೈದ್ಯರಲ್ಲಿಗೆ ಕರೆದೊಯ್ದಳು. ವೈದ್ಯರು ಎರಡೂ ಕಣ್ಣುಗಳನ್ನು ಪರೀಕ್ಷಿಸಿದರು. ಎಡಗಣ್ಣಿನೊಳಗೆ ಒತ್ತಡ ಹೆಚ್ಚಿ, ವರ್ಷಗಳಿಂದ ನರ ಒಣಗುತ್ತ ಬಂದಿತ್ತು. ಹೋದ ನೋಟ ಇನ್ನು ಬರುವಂತಿರಲಿಲ್ಲ. ಬಲಗಣ್ಣಿನ ಗಾಯ ಮಾಯುತ್ತಿತ್ತು. ಆದರೆ ಅದೇ ರೋಗ ಅಲ್ಲಿಯೂ ಶುರುವಾಗಿತ್ತು. ದಿನವೂ ಔಷಧಿಯ ಹನಿ ಬಿಟ್ಟುಕೊಂಡರೆ ಅದನ್ನಾದರೂ ಉಳಿಸಿಕೊಳ್ಳಬಹುದು ಎಂದರು.

"ಒಂದು ದಿನಾನೂ ನೋಯಲಿಲ್ವಲ್ಲ ಸ್ವಾಮಿ!" ಎಂದ ಬಡಗಿ.

"ನೋವಿದ್ದಿದ್ದರೆ ನೀನು ಆಗಲೇ ಬರುತ್ತಿದ್ದೆಯಪ್ಪ," ಎಂದರು ವೈದ್ಯರು.

ಬಲಗಣ್ಣು ಉಳಿಯಿತು. ಬಡಗಿ ಮತ್ತೆ ಉಳಿ ಹಿಡಿದ. ಅದಕ್ಕೂ ಮೊದಲು ತಾಯಿಯನ್ನೂ ಹೆಂಡತಿಯನ್ನೂ ಹಾಲುಹಲ್ಲು ಉದುರದ ಮಗಳನ್ನೂ ಅದೇ ವೈದ್ಯರ ಮುಂದೆ ಕೂರಿಸಿ ಬಂದ. ಇಷ್ಟು ಸಣ್ಣ ಮಗುವಿಗೂ ಕಣ್ಣು ತೋರಿಸುವುದೇ ಎಂದು ನೆರೆಯವರು ನಕ್ಕರು. ಅವನು ನಗಲಿಲ್ಲ. ಪ್ರತಿ ವರ್ಷವೂ ಕರೆದೊಯ್ದ.

ಗುರುಗಳು ಅಲ್ಲಿಗೆ ಕತೆ ನಿಲ್ಲಿಸಿದರು. ಶಿಷ್ಯನಿಗೆ ಬಡಗಿಯ ಮೇಲೆ ಮರುಕ ಹುಟ್ಟಿತು. ಆದರೂ ಅವನು ಬಿಡಲಿಲ್ಲ.

"ಒಂದು ಕಣ್ಣು ಹೋಗಿ ವರ್ಷಗಳಾದರೂ ಅವನಿಗೆ ತಿಳಿಯಲಿಲ್ಲವೆಂದರೆ ಹೇಗೆ ನಂಬಲಿ ಗುರುಗಳೇ? ನೋಡುವವನು ಅವನೇ ಅಲ್ಲವೇ?"

ಗುರುಗಳು ಅವನ ಮುಖವನ್ನೇ ನೋಡಿ ಕೇಳಿದರು: "ಈಗ ನನ್ನನ್ನು ನೋಡುತ್ತಿರುವುದು ನಿನ್ನ ಯಾವ ಕಣ್ಣು?"